ಅರಮನೆಯ ಬಾಗಿಲಲ್ಲಿ ಪತ್ರಿಕೆ ಮಾರಿದ ರಾಜಕುಮಾರಿ

ಸೋಫಿಯಾ ದುಲೀಪ್ ಸಿಂಗ್ ಪಂಜಾಬಿನ ಮಹಾರಾಜ ರಣಜಿತ್ ಸಿಂಗರ ಮೊಮ್ಮಗಳು. 1849ರಲ್ಲಿ ಪಂಜಾಬನ್ನು ವಶಪಡಿಸಿಕೊಂಡ ಬ್ರಿಟಿಷರು ಬಾಲಕ ದುಲೀಪ್ ಸಿಂಗರನ್ನು ಪದಚ್ಯುತಗೊಳಿಸಿದರು. ಮುಂದೆ ಇಂಗ್ಲೆಂಡಿನಲ್ಲಿ ನೆಲೆಸಿದ ಅವರಿಗೆ 1876ರಲ್ಲಿ ಜನಿಸಿದವರೇ ಸೋಫಿಯಾ. ವಿಕ್ಟೋರಿಯಾ ರಾಣಿ ಅವರ ಧರ್ಮಮಾತೆ. ಲಂಡನ್ ಸಮೀಪದ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಬಳಿ ವಾಸಕ್ಕೆ ಮನೆಯನ್ನೂ ರಾಣಿಯೇ ದಯಪಾಲಿಸಿದ್ದರು.

ಇಂಥ ರಾಜಾಶ್ರಯದಲ್ಲಿದ್ದವರು ಮಹಿಳೆಯರ ಮತದಾನದ ಹಕ್ಕಿಗಾಗಿ ಬೀದಿಗಿಳಿದರು. 1910ರ ನವೆಂಬರ್ 18ರಂದು ಎಮೆಲಿನ್ ಪ್ಯಾಂಕ್‌ಹರ್ಸ್ಟ್ ನೇತೃತ್ವದಲ್ಲಿ ಸುಮಾರು 300 ಮಹಿಳೆಯರು ಸಂಸತ್ತಿನತ್ತ ಹೊರಟಾಗ ಸೋಫಿಯಾ ಮುಂಚೂಣಿಯಲ್ಲಿದ್ದರು. ಗಂಟೆಗಟ್ಟಲೆ ನಡೆದ ಪೊಲೀಸ್ ದೌರ್ಜನ್ಯದಿಂದಾಗಿ ಆ ದಿನ 'ಕರಾಳ ಶುಕ್ರವಾರ'ವೆಂದೇ ಕುಖ್ಯಾತವಾಯಿತು.

ಮತವಿಲ್ಲದವರು ತೆರಿಗೆಯನ್ನೇಕೆ ತೆರಬೇಕೆಂಬುದು ಅವರ ವಾದವಾಗಿತ್ತು. ನಾಯಿ, ಸಾರೋಟುಗಳ ಪರವಾನಗಿ ಶುಲ್ಕ ಕಟ್ಟದಿದ್ದುದಕ್ಕೆ 1911ರಲ್ಲಿ ನ್ಯಾಯಾಲಯ ದಂಡ ವಿಧಿಸಿತು. ಅದನ್ನೂ ಕಟ್ಟದಿದ್ದಾಗ ವಜ್ರದುಂಗುರವನ್ನು ಜಪ್ತಿ ಮಾಡಿ ಹರಾಜು ಹಾಕಲಾಯಿತು. ಸಹ ಹೋರಾಟಗಾರ್ತಿಯೊಬ್ಬರು ಅದನ್ನು ಕೊಂಡು ಅವರಿಗೇ ಮರಳಿಸಿದರು.

1913ರಲ್ಲಿ ಸೋಫಿಯಾ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಹೊರಗೆ ನಿಂತು ಚಳವಳಿಯ ಮುಖವಾಣಿ 'ದಿ ಸಫ್ರಾಜೆಟ್' ಪತ್ರಿಕೆಯನ್ನು ಮಾರಿದರು. ಅರಸೊತ್ತಿಗೆಯ ಕೃಪೆಯಿಂದ ದೊರೆತ ಮನೆ ಅದೇ ಅರಸೊತ್ತಿಗೆಯ ಮುನಿಸಿನಿಂದ ಕೈತಪ್ಪಬಹುದಿತ್ತು. ಆದರೂ ಅವರು ಹಿಂಜರಿಯಲಿಲ್ಲ.

1918ರಲ್ಲಿ ಮತ ದೊರೆತದ್ದು 30 ವರ್ಷ ತುಂಬಿದ, ಆಸ್ತಿಯ ಅರ್ಹತೆಯುಳ್ಳ ಮಹಿಳೆಯರಿಗೆ ಮಾತ್ರ. ಪುರುಷರಿಗೆ ಸಮನಾದ ಹಕ್ಕಿಗೆ 1928ರವರೆಗೆ ಕಾಯಬೇಕಾಯಿತು. 1948ರ ಆಗಸ್ಟ್ 22ರಂದು ಸೋಫಿಯಾ ನಿಧನರಾದರು. ಅಷ್ಟರಲ್ಲಿ ಭಾರತ ಸ್ವತಂತ್ರವಾಗಿ, ಅಜ್ಜನ ಪಂಜಾಬ್ ಎರಡು ದೇಶಗಳಲ್ಲಿ ಹಂಚಿಹೋಗಿತ್ತು. 2018ರಲ್ಲಿ ಬ್ರಿಟನ್ನಿನ ಅಂಚೆ ಸಂಸ್ಥೆ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು.