ವೈದ್ಯರಿಗೇ ಪರೀಕ್ಷೆ ನಡೆಸಿದ ಸಿನಾನ್ ಇಬ್ನ್ ಸಾಬಿತ್

ನಮ್ಮ ಪಿಸಿಎಂಬಿ ತರಗತಿಯಲ್ಲಿ ಡಾಕ್ಟರಾಗಬೇಕೆಂದು ಬಯಸುವವರೇ ಹೆಚ್ಚು. ನಾನೂ ಅವರಲ್ಲೊಬ್ಬಳು. ಅದಕ್ಕೇ ಈ ಸಲ ಸಿನಾನ್ ಇಬ್ನ್ ಸಾಬಿತ್ ಅವರ ಬಗ್ಗೆ ಬರೆಯುತ್ತಿದ್ದೇನೆ.

ಹರ್ರಾನ್ ಮೂಲದ ಪ್ರಸಿದ್ಧ ಗಣಿತಜ್ಞ ಸಾಬಿತ್ ಇಬ್ನ್ ಖುರ್ರಾ ಇವರ ತಂದೆ. ಸಿನಾನ್ ಬಗ್ದಾದ್‌ನಲ್ಲಿ ಅಬ್ಬಾಸಿ ಖಲೀಫಾ ಅಲ್-ಮುಕ್ತದಿರ್ ಅವರ ವೈದ್ಯರಾಗಿದ್ದರು. ವಜೀರ್ ಅಲಿ ಇಬ್ನ್ ಈಸಾ ಅವರ ಸೂಚನೆಯಂತೆ ಸೆರೆಮನೆಗಳಿಗೂ ಹಳ್ಳಿಗಳಿಗೂ ವೈದ್ಯರನ್ನು, ಔಷಧಿಯನ್ನು ಕಳುಹಿಸುತ್ತಿದ್ದರು.

931ರಲ್ಲಿ ಒಬ್ಬ ವೈದ್ಯನ ತಪ್ಪಿನಿಂದ ರೋಗಿಯೊಬ್ಬ ಸತ್ತ ಸುದ್ದಿ ಖಲೀಫಾರಿಗೆ ತಲುಪಿತು. ಸಿನಾನ್ ಪರೀಕ್ಷಿಸಿ ಅನುಮತಿ ಕೊಡದೆ ಯಾರೂ ಚಿಕಿತ್ಸೆ ಮಾಡಬಾರದೆಂದು ಆಜ್ಞೆಯಾಯಿತು. ಹೆಸರಾಂತ ವೈದ್ಯರಿಗೆ, ಅರಮನೆಯ ವೈದ್ಯರಿಗೆ ಮಾತ್ರ ವಿನಾಯಿತಿ. ಉಳಿದ 860ಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಬಂದರು. ಅವರವರು ಬಲ್ಲಷ್ಟಕ್ಕೇ ಅನುಮತಿ ಸಿಕ್ಕಿತು.

ಇತಿಹಾಸಕಾರ ಅಲ್-ಕಿಫ್ತಿ ಒಂದು ಪ್ರಸಂಗ ಹೇಳುತ್ತಾರೆ. ಗೌರವಸ್ಥರಂತೆ ಕಾಣುವ ಒಬ್ಬ ವೃದ್ಧರು ಬಂದು, ತಮಗೆ ಓದುಬರಹ ಸರಿಯಾಗಿ ಬಾರದು, ಆದರೆ ಮನೆ ನಡೆಯುವುದು ಇದರಿಂದಲೇ ಎಂದು ಒಪ್ಪಿಕೊಂಡರು. ಸಿನಾನ್ ಅವರ ಅನ್ನ ಕಿತ್ತುಕೊಳ್ಳಲಿಲ್ಲ. ಗೊತ್ತಿಲ್ಲದ ಚಿಕಿತ್ಸೆಗೆ ಕೈಹಾಕಬಾರದು, ಸಣ್ಣ ಕಾಯಿಲೆಗಳಿಗಲ್ಲದೆ ರಕ್ತ ತೆಗೆಯುವುದಾಗಲಿ ಭೇದಿ ಮದ್ದು ಕೊಡುವುದಾಗಲಿ ಕೂಡದು ಎಂಬ ಷರತ್ತು ಹಾಕಿ ಕಳುಹಿಸಿದರು.

ಸಿನಾನ್ 943ರಲ್ಲಿ ತೀರಿಕೊಂಡರು.

ಇಂದು ನಮ್ಮಲ್ಲಿ ಎಂಬಿಬಿಎಸ್ ಪಾಸಾದರೆ ಸಾಲದು. ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಬೇಕು, ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗಬೇಕು. ಇಷ್ಟೆಲ್ಲಾ ಏಕೆ ಎಂದು ಗೊಣಗುವ ಗೆಳತಿಯರಿಗೆ ನಾನು ಬಗ್ದಾದ್‌ನ ಆ ಹೆಸರಿಲ್ಲದ ರೋಗಿಯನ್ನು ನೆನಪಿಸುತ್ತೇನೆ. ಪರವಾನಗಿ ಡಾಕ್ಟರರ ಗೌರವಕ್ಕಿಂತ ಮೊದಲು ರೋಗಿಯ ಪ್ರಾಣಕ್ಕೆ ಕಾವಲು.