ಗಾಜಿನ ಕಲೆಗಾರ, ನ್ಯಾಯದ ಪರ ನಿಂತ ಎಮಿಲ್ ಗಾಲೆ

ಗಾಜು ನಮ್ಮೆಲ್ಲರ ಮನೆಯಲ್ಲಿರುವ ವಸ್ತು. ಕಿಟಕಿ, ಕನ್ನಡಕ, ನೀರಿನ ಲೋಟ ಹೀಗೆ ದಿನವೂ ಅದು ನಮ್ಮ ಕಣ್ಣೆದುರಿಗಿದ್ದರೂ ಅದರ ಬಗ್ಗೆ ನಾವು ಯೋಚಿಸುವುದು ಅದು ಒಡೆದಾಗ ಮಾತ್ರ. ಆದರೆ ಮುಸ್ಲಿಮರ ಇತಿಹಾಸದಲ್ಲಿ ಗಾಜಿಗೆ ಗೌರವದ ಸ್ಥಾನವಿತ್ತು. ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿ ಗಾಜಿನೊಳಗಿನ ದೀಪದ ಉಪಮೆ ಬರುವುದನ್ನು ನೀವು ಓದಿರಬಹುದು. 13 ಮತ್ತು 14ನೇ ಶತಮಾನಗಳಲ್ಲಿ ಈಜಿಪ್ಟ್ ಹಾಗೂ ಸಿರಿಯಾದ ಕುಶಲಕರ್ಮಿಗಳು ಮಸೀದಿಗಳಿಗಾಗಿ ತಯಾರಿಸಿದ ಅನೇಕ ಗಾಜಿನ ದೀಪಗಳ ಮೇಲೆ ಆ ಸೂಕ್ತದ ಭಾಗವನ್ನೇ ಚಿನ್ನ ಮತ್ತು ಬಣ್ಣದ ಎನಾಮೆಲ್‌ನಿಂದ ಬರೆದರು.

ಆ ದೀಪಗಳನ್ನು ಮಾಡುತ್ತಿದ್ದ ಕುಲುಮೆಗಳು ಆರಿಹೋಗಿ ಶತಮಾನಗಳೇ ಕಳೆದ ಮೇಲೆ, ಅಂತಹ ಪೂರ್ವದೇಶದ ಗಾಜಿನಿಂದ ಪಾಠ ಕಲಿತ ಫ್ರಾನ್ಸಿನ ಒಬ್ಬ ತರುಣ ಜಗತ್ತಿನ ಶ್ರೇಷ್ಠ ಗಾಜಿನ ಕಲಾವಿದರಲ್ಲಿ ಒಬ್ಬರಾದರು. ಅವರೇ ಎಮಿಲ್ ಗಾಲೆ. ಅವರ ಕಲೆಯನ್ನು ಹೊಗಳಿ ಬರೆದ ಪುಸ್ತಕಗಳು ಬಹಳಷ್ಟಿವೆ. ಆದರೆ ಹೆಸರು, ಹಣ, ಗಿರಾಕಿಗಳು ಎಲ್ಲವೂ ಇದ್ದ ಕಾಲದಲ್ಲಿ, ಅನ್ಯಾಯಕ್ಕೊಳಗಾದ ಒಬ್ಬ ಅಪರಿಚಿತನಿಗಾಗಿ ಅವರು ಅವನ್ನೆಲ್ಲ ಪಣಕ್ಕಿಟ್ಟರೆಂಬುದು ಅಷ್ಟಾಗಿ ಪ್ರಚಾರ ಪಡೆದಿಲ್ಲ. ವಿದ್ಯಾರ್ಥಿಗಳಾದ ನೀವು ಅವರ ಬದುಕಿನ ಈ ಎರಡೂ ಮುಖಗಳನ್ನು ಒಟ್ಟಿಗೆ ತಿಳಿಯಬೇಕು.

ಎರಡು ಶಾಲೆಗಳು

ಗಾಲೆ ಹುಟ್ಟಿದ್ದು 1846ರ ಮೇ 4ರಂದು, ಪೂರ್ವ ಫ್ರಾನ್ಸಿನ ಲೊರೇನ್ ಪ್ರಾಂತ್ಯದ ನಾನ್ಸಿ ನಗರದಲ್ಲಿ. ತಂದೆ ಶಾರ್ಲ್ ಗಾಲೆ ಗಾಜು ಮತ್ತು ಪಿಂಗಾಣಿಯ ವ್ಯಾಪಾರಿ. ಕ್ಯಾಥೊಲಿಕರೇ ಬಹುಸಂಖ್ಯಾತರಾಗಿದ್ದ ದೇಶದಲ್ಲಿ ಗಾಲೆಯವರು ಬೆಳೆದದ್ದು ಪ್ರೊಟೆಸ್ಟೆಂಟ್ ನಂಬಿಕೆಯಲ್ಲಿ. ಅಲ್ಪಸಂಖ್ಯಾತನಾಗಿ ಬದುಕುವುದೆಂದರೇನು ಎಂಬುದನ್ನು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಬಾಲ್ಯದಿಂದಲೇ ಅವರಿಗೆ ಗಿಡಮರಗಳ ಹುಚ್ಚು. ಲೊರೇನಿನ ಸಸ್ಯಗಳ ಬಗ್ಗೆ ಗ್ರಂಥ ಬರೆದಿದ್ದ ವಿದ್ವಾಂಸ ಗೊದ್ರೊನ್ ಅವರಿಂದ ಸಸ್ಯಶಾಸ್ತ್ರ ಕಲಿತರು. ಬಳಿಕ ಜರ್ಮನಿಯ ವೈಮಾರ್‌ನಲ್ಲಿ ಓದಿದರು. ಇಷ್ಟು ಓದಿದ ವ್ಯಾಪಾರಿಯ ಮಗ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಜೀವನ ಸಾಗಿಸಬಹುದಿತ್ತು. ಗಾಲೆ ಹಾಗೆ ಮಾಡಲಿಲ್ಲ. 1866ರ ಸುಮಾರಿಗೆ ಮೈಸೆಂಥಾಲ್ ಎಂಬ ಕಾಡಿನ ನಡುವಿನ ಹಳ್ಳಿಗೆ ಹೋಗಿ, ಅಲ್ಲಿನ ಗಾಜಿನ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ನಿಂತರು. ಪುಸ್ತಕದ ಶಾಲೆ ಮುಗಿದು ಬೆಂಕಿಯ ಶಾಲೆ ಆರಂಭವಾಯಿತು.

ಆ ಶಾಲೆಯ ಪಾಠ ಎಂತಹದೆಂಬುದನ್ನು ನೀವು ಇಂದಿಗೂ ಕಣ್ಣಾರೆ ನೋಡಬಹುದು. ಮೈಸೆಂಥಾಲ್ ಕಾರ್ಖಾನೆ 1969ರಲ್ಲಿ ಮುಚ್ಚಿತು. ಆದರೆ ಹಳೆಯ ಕಾರ್ಖಾನೆಯ ಆವರಣದಲ್ಲಿ ಈಗ ಗಾಜಿನ ವಸ್ತುಸಂಗ್ರಹಾಲಯವಿದೆ. ಅಲ್ಲೇ ಗಾಜು ಊದುವ ಕುಶಲಕರ್ಮಿಗಳು ಸಂದರ್ಶಕರ ಎದುರಿಗೇ ಕೆಲಸ ಮಾಡುತ್ತಾರೆ. ಮರಳು, ಕ್ಷಾರ ಮತ್ತು ಸುಣ್ಣವನ್ನು ಬೆರೆಸಿ ಸಾವಿರ ಡಿಗ್ರಿಗೂ ಬಹಳ ಮೀರಿದ ಶಾಖದಲ್ಲಿ ಕರಗಿಸಿದಾಗ ಗಾಜು ಜೇನಿನಂತೆ ಅಂಟಂಟಾಗುತ್ತದೆ. ಕೆಲಸಗಾರ ಉದ್ದನೆಯ ಕಬ್ಬಿಣದ ಕೊಳವೆಯ ತುದಿಯನ್ನು ಅದರಲ್ಲಿ ಅದ್ದಿ, ತಿರುಗಿಸಿ, ಕೆಂಪಗೆ ಹೊಳೆಯುವ ಒಂದು ಉಂಡೆಯನ್ನು ಎತ್ತಿಕೊಳ್ಳುತ್ತಾನೆ. ಇನ್ನೊಂದು ತುದಿಯಿಂದ ಊದುತ್ತಾನೆ. ಉಂಡೆ ಬುರುಡೆಯಾಗುತ್ತದೆ. ಕೊಳವೆಯನ್ನು ತಿರುಗಿಸುವುದನ್ನು ಒಂದು ಕ್ಷಣ ನಿಲ್ಲಿಸಿದರೂ ಗಾಜು ಒಂದು ಕಡೆಗೆ ಜೋತುಬೀಳುತ್ತದೆ. ಪಾತ್ರೆ ಸಿದ್ಧವಾದ ಮೇಲೂ ಅದನ್ನು ಬೇರೊಂದು ಒಲೆಯಲ್ಲಿಟ್ಟು ಮೆಲ್ಲಮೆಲ್ಲನೆ ತಣಿಸಬೇಕು. ಅವಸರ ಮಾಡಿದರೆ ಬಿರುಕು ಖಂಡಿತ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಸಿರಿಯಾ, ಫೆಲೆಸ್ತೀನ್ ಕರಾವಳಿಯಲ್ಲಿ ಹುಟ್ಟಿದ ಈ ವಿದ್ಯೆಯ ಮೂಲ ವಿಧಾನ ಇಂದಿಗೂ ಹೆಚ್ಚು ಬದಲಾಗಿಲ್ಲ.

ಪೂರ್ವದ ಋಣ

1870ರಲ್ಲಿ ಫ್ರಾನ್ಸ್ ಮತ್ತು ಪ್ರಶ್ಯಾಗಳ ನಡುವೆ ಯುದ್ಧ ನಡೆಯಿತು. ಗಾಲೆ ಸ್ವಯಂಪ್ರೇರಿತರಾಗಿ ಸೈನ್ಯ ಸೇರಿದರು. ಫ್ರಾನ್ಸ್ ಸೋತಿತು. 1871ರಲ್ಲಿ ಅಲ್ಸಾಸ್ ಮತ್ತು ಲೊರೇನಿನ ಒಂದು ಭಾಗ ಜರ್ಮನಿಯ ವಶವಾಯಿತು. ಮೈಸೆಂಥಾಲ್ ಗಡಿಯ ಆ ಕಡೆ, ನಾನ್ಸಿ ಈ ಕಡೆ ಉಳಿದವು. ಆದರೂ ಗಾಲೆ ತಮಗೆ ವಿದ್ಯೆ ಕಲಿಸಿದ ಹಳ್ಳಿಯನ್ನು ಕೈಬಿಡಲಿಲ್ಲ. 1894ರಲ್ಲಿ ನಾನ್ಸಿಯಲ್ಲಿ ಸ್ವಂತ ಕುಲುಮೆ ಆರಂಭಿಸುವವರೆಗೂ ಅಲ್ಲಿಯ ಕೆಲಸಗಾರರಿಂದಲೇ ಗಾಜು ಮಾಡಿಸುತ್ತಿದ್ದರು.

1871ರಲ್ಲೇ ಅವರು ತಂದೆಯ ಸಂಸ್ಥೆಯ ಪರವಾಗಿ ಲಂಡನ್ನಿನ ಪ್ರದರ್ಶನಕ್ಕೆ ಹೋದರು. ಬಿಡುವಿನಲ್ಲಿ ಕ್ಯೂ ಸಸ್ಯೋದ್ಯಾನವನ್ನು ಕಂಡರು. ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯದಲ್ಲಿ ಪೂರ್ವದೇಶಗಳ ಕಲಾವಸ್ತುಗಳನ್ನು ಅಭ್ಯಸಿಸಿದರು. ಆಗ ಪ್ಯಾರಿಸ್ಸಿನಲ್ಲಿ ಬ್ರೊಕಾರ್ ಎಂಬ ಕಲಾವಿದ ಮಸೀದಿಯ ದೀಪಗಳ ಎನಾಮೆಲ್ ಕೆಲಸವನ್ನು ಮತ್ತೆ ಸಾಧಿಸಿ ತೋರಿಸುತ್ತಿದ್ದರು. ಗಾಲೆಯವರ ಮೊದಲ ಹಂತದ ಕೃತಿಗಳಲ್ಲಿ ಅರಬ್ ಮತ್ತು ಪರ್ಷಿಯನ್ ಶೈಲಿಯ ಬಳ್ಳಿ, ಚಿತ್ತಾರಗಳು ಎದ್ದು ಕಾಣುತ್ತವೆ. ಬಣ್ಣದ ಗಾಜನ್ನು ನುಣ್ಣಗೆ ಪುಡಿ ಮಾಡಿ, ಕುಂಚದಿಂದ ಬಳಿದು, ಮತ್ತೆ ಬೆಂಕಿಯಲ್ಲಿ ಸುಟ್ಟು ಅಂಟಿಸುವ ವಿದ್ಯೆಯನ್ನು ಅವರು ಕರಗತ ಮಾಡಿಕೊಂಡರು.

1877ರಲ್ಲಿ ತಂದೆಯ ಉದ್ಯಮ ಅವರ ಕೈಗೆ ಬಂತು. ಮರುವರ್ಷ ಪ್ಯಾರಿಸ್ಸಿನ ವಿಶ್ವ ಪ್ರದರ್ಶನದಲ್ಲಿ ಕೋಬಾಲ್ಟ್ ಬೆರೆಸಿದ ತಿಳಿನೀಲಿ ಗಾಜನ್ನು ಬೆಳದಿಂಗಳು ಎಂಬ ಹೆಸರಿನಲ್ಲಿ ಇಟ್ಟರು. 1889ರ ವಿಶ್ವ ಪ್ರದರ್ಶನದಲ್ಲಿ ಗಾಜಿನ ವಿಭಾಗದ ಪರಮೋಚ್ಚ ಬಹುಮಾನ ಅವರದಾಯಿತು. ಅಷ್ಟರಲ್ಲಿ ಅನುಕರಣೆಯ ಕಾಲ ಮುಗಿದಿತ್ತು. ಅವರ ಹೂದಾನಿಗಳ ಮೇಲೆ ಲೊರೇನಿನ ಹೊಲದ ಹೂವುಗಳು, ಕೊಡತಿಹುಳು, ಕೊಳದ ತಾವರೆ ಕಾಣಿಸಿಕೊಂಡವು. ಇವು ಸುಮ್ಮನೆ ಅಲಂಕಾರಕ್ಕೆ ಬರೆದವಲ್ಲ. ಸಸ್ಯಶಾಸ್ತ್ರಜ್ಞನ ಕಣ್ಣು ಕಂಡವು. 1900ರಲ್ಲಿ ಅವರು ಲೊರೇನಿನ ಆರ್ಕಿಡ್ ಹೂವುಗಳ ಕುರಿತು ಸಸ್ಯಶಾಸ್ತ್ರ ಸಮ್ಮೇಳನಕ್ಕೆ ಪ್ರಬಂಧವನ್ನೂ ಸಲ್ಲಿಸಿದ್ದರು.

ಬೇರೆ ಬೇರೆ ಬಣ್ಣದ ಗಾಜನ್ನು ಪದರ ಪದರವಾಗಿ ಹೊದಿಸಿ, ಬೇಡವಾದ ಕಡೆ ಆಮ್ಲದಿಂದ ಕರಗಿಸಿ ತೆಗೆದು ಚಿತ್ರ ಮೂಡಿಸುವ ವಿಧಾನದಿಂದ ಕಡಿಮೆ ಬೆಲೆಯ ವಸ್ತುಗಳನ್ನೂ ತಯಾರಿಸಿದರು. ಶ್ರೀಮಂತರ ಮನೆಗೆ ಮಾತ್ರ ಸೌಂದರ್ಯ ಮೀಸಲಾಗಬಾರದೆಂಬುದು ಅವರ ಇಚ್ಛೆಯಾಗಿತ್ತು. 1898ರಲ್ಲಿ ಇನ್ನೊಂದು ವಿಧಾನಕ್ಕೆ ಹಕ್ಕುಪತ್ರ ಪಡೆದರು. ಬಿಸಿಯಾಗಿ ಮೆತ್ತಗಿರುವ ಪಾತ್ರೆಯ ಮೈಯಲ್ಲಿ ಬಣ್ಣದ ಗಾಜಿನ ತುಣುಕುಗಳನ್ನು ಒತ್ತಿ ಕೂರಿಸುವ ಕೆಲಸವದು. ಎರಡು ಗಾಜುಗಳು ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ತಣಿಯುವಾಗ ಇಡೀ ಪಾತ್ರೆ ಸೀಳಿಹೋಗುತ್ತದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಹೆಸರು ಗಾಲೆಯವರದಾದರೂ ಊದಿದ ಉಸಿರು ಕೆಲಸಗಾರರದು. ಕಲ್ಪನೆ, ರಸಾಯನ, ಮೇಲ್ವಿಚಾರಣೆ ಅವರದು, ಕೈಚಳಕ ಅನೇಕರದು.

ಸತ್ವಪರೀಕ್ಷೆಯ ದಿನಗಳು

ಈಗ ಅವರ ಬದುಕಿನ ಮುಖ್ಯ ಘಟ್ಟಕ್ಕೆ ಬರೋಣ. 1894ರಲ್ಲಿ ಫ್ರಾನ್ಸಿನ ಸೇನೆಯ ಕ್ಯಾಪ್ಟನ್ ಆಲ್ಫ್ರೆಡ್ ಡ್ರೈಫಸ್ ಎಂಬ ಯಹೂದಿ ಅಧಿಕಾರಿಯನ್ನು ದೇಶದ್ರೋಹದ ಆರೋಪದಲ್ಲಿ ಬಂಧಿಸಲಾಯಿತು. ಜರ್ಮನಿಗೆ ರಹಸ್ಯ ಮಾರಿದನೆಂಬುದು ಆಪಾದನೆ. ಆರೋಪಿಯ ಕಡೆಯವರಿಗೆ ತೋರಿಸದ ಕಾಗದಗಳನ್ನು ನ್ಯಾಯಾಧೀಶರಿಗೆ ಗುಟ್ಟಾಗಿ ಕೊಟ್ಟು ಶಿಕ್ಷೆ ವಿಧಿಸಿದರು. ಸಾರ್ವಜನಿಕವಾಗಿ ಪದವಿಯ ಲಾಂಛನಗಳನ್ನು ಕಿತ್ತು, ಖಡ್ಗ ಮುರಿದು, ದೂರದ ದ್ವೀಪದ ಸೆರೆಗೆ ಅಟ್ಟಿದರು. ನಿಜವಾದ ಅಪರಾಧಿ ಬೇರೊಬ್ಬನೆಂದು ತಿಳಿದ ಮೇಲೂ 1898ರ ಜನವರಿಯಲ್ಲಿ ಸೇನಾ ನ್ಯಾಯಾಲಯ ಆತನನ್ನು ಬಿಡುಗಡೆ ಮಾಡಿತು. ಪತ್ರಿಕೆಗಳು ಇಡೀ ಯಹೂದಿ ಸಮುದಾಯವನ್ನೇ ದ್ರೋಹಿಗಳೆಂದು ಸಾರಿದವು.

ನಾನ್ಸಿ ಗಡಿನಾಡು. ಸೈನಿಕರ ಊರು. ಸೋಲಿನ ಗಾಯ ಇನ್ನೂ ಮಾಯದ ಜಾಗ. ಅಲ್ಲಿ ಡ್ರೈಫಸ್ ಪರ ಮಾತನಾಡುವುದೆಂದರೆ ದೇಶದ ವಿರುದ್ಧ ಮಾತನಾಡಿದಂತೆಯೇ. ಗಾಲೆಯವರ ಗಿರಾಕಿಗಳು ಆ ಊರಿನ ಉಳ್ಳವರು. ಸುಮ್ಮನಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೂ ಅವರು ಮರುವಿಚಾರಣೆ ಕೋರಿದ ಮನವಿಗೆ 1898ರಲ್ಲಿ ಸಹಿ ಹಾಕಿದರು. ಮಾನವ ಹಕ್ಕುಗಳ ಸಂಘದ ನಾನ್ಸಿ ಶಾಖೆಯನ್ನು ಕಟ್ಟಲು ನೆರವಾಗಿ ಅದರ ಖಜಾಂಚಿಯಾದರು. ಹಳೆಯ ಸ್ನೇಹಿತರು ದೂರವಾದರು, ಗಿರಾಕಿಗಳು ಅಂಗಡಿಯ ಕಡೆ ಬರುವುದನ್ನು ಬಿಟ್ಟರು. ಗಾಲೆ ಹಿಂದೆ ಸರಿಯಲಿಲ್ಲ.

ಬಾಯಿಂದ ಹೇಳಿದ್ದನ್ನೇ ಗಾಜಿನಲ್ಲೂ ಹೇಳಿದರು. 1900ರ ಪ್ಯಾರಿಸ್ ವಿಶ್ವ ಪ್ರದರ್ಶನಕ್ಕೆ ಇಡೀ ಜಗತ್ತು ಬಂದಿತ್ತು. ಗಾಲೆ ತಮ್ಮ ಮಳಿಗೆಯಲ್ಲಿ ನಿಜವಾದ ಅಳತೆಯ ಒಂದು ಗಾಜಿನ ಕುಲುಮೆಯನ್ನೇ ನಿಲ್ಲಿಸಿ, ಸುತ್ತ ಹೂದಾನಿಗಳನ್ನು ಜೋಡಿಸಿದರು. ಸುಳ್ಳು ಕಲ್ಪಿಸುವ ದುಷ್ಟರನ್ನು ಕುರಿತ ಪ್ರಾಚೀನ ಗ್ರೀಕ್ ಪದ್ಯವೊಂದನ್ನು ಅದರ ಮೇಲೆ ಬರೆಸಿದರು. ಕರಿಯ ಜನರು ಎಂಬ ಹೆಸರಿನ ಹೂದಾನಿಯಲ್ಲಿ ಸುಳ್ಳು ಮತ್ತು ದ್ವೇಷ ಕಪ್ಪು ಆಕೃತಿಗಳಾಗಿ ಕೆಳಗಿನಿಂದ ಏಳುತ್ತವೆ. ಇಲ್ಲಿ ಕಪ್ಪು ಎಂದರೆ ಮೈಬಣ್ಣವಲ್ಲ, ಮನಸ್ಸಿನ ಕತ್ತಲೆ. ಆ ವರ್ಷವೂ ಪರಮೋಚ್ಚ ಬಹುಮಾನ ಅವರಿಗೇ ಸಂದಿತು.

ಇನ್ನೊಂದು ಸಂಗತಿಯನ್ನೂ ನಾವು ಮುಚ್ಚಿಡಬಾರದು. ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ಅರ್ಮೇನಿಯನ್ ಕ್ರೈಸ್ತರ ಕೊಲೆಗಳು ನಡೆದಾಗ ಗಾಲೆ ಅದನ್ನೂ ಖಂಡಿಸಿದರು. ಅವರ ನೆತ್ತರಿನ ನೆನಪಿಗೆ ಒಂದು ಹೂದಾನಿಯನ್ನು ಮಾಡಿದರು. ಆಳುತ್ತಿದ್ದವರು ಮುಸ್ಲಿಮರೆಂಬ ಕಾರಣಕ್ಕೆ ನಮಗೆ ಇದು ಕಹಿಯಾಗಬೇಕಿಲ್ಲ. ಸ್ವಂತ ಜನರ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಯಾಗಬೇಕೆಂದು ನಮ್ಮ ಧರ್ಮವೇ ಕಲಿಸಿದೆ. ನಮಗೆ ಅನ್ಯಾಯವಾದಾಗ ಇತರರು ದನಿಯೆತ್ತಲಿ ಎಂದು ಬಯಸುವ ನಾವು, ಇತರರಿಗೆ ಅನ್ಯಾಯವಾದಾಗ ಎಲ್ಲಿರುತ್ತೇವೆ? ಈ ಪ್ರಶ್ನೆಯನ್ನು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು.

ಉಳಿದುಹೋದ ಬೆಳಕು

1901ರಲ್ಲಿ ಗಾಲೆ ತಮ್ಮ ಊರಿನ ಕಲಾವಿದರನ್ನೂ ಉದ್ಯಮಿಗಳನ್ನೂ ಒಂದುಗೂಡಿಸಿ ನಾನ್ಸಿ ಪಂಥ ಎಂಬ ಸಂಘವನ್ನು ಸ್ಥಾಪಿಸಿ ಅದರ ಅಧ್ಯಕ್ಷರಾದರು. ಕುಶಲಕರ್ಮಿಗಳಿಗೆ ಒಳ್ಳೆಯ ಶಿಕ್ಷಣ ಸಿಗಬೇಕೆಂಬುದು ಆ ಸಂಘದ ಗುರಿಗಳಲ್ಲೊಂದು. ತಮ್ಮ ಪ್ರತಿಸ್ಪರ್ಧಿಗಳಾಗಿದ್ದ ದೋಮ್ ಗಾಜಿನ ಕಾರ್ಖಾನೆಯವರನ್ನೂ ಅವರು ಅದರಲ್ಲಿ ಜೊತೆಗೆ ಕರೆದುಕೊಂಡರು.

ಅಷ್ಟರಲ್ಲಿ ರಕ್ತದ ಕ್ಯಾನ್ಸರ್ ಅವರ ದೇಹವನ್ನು ತಿನ್ನತೊಡಗಿತ್ತು. ಕೊನೆಯ ಕೃತಿಗಳಲ್ಲೊಂದು, ಸಮುದ್ರದ ಪಾಚಿ ಮತ್ತು ಚಿಪ್ಪುಗಳು ಅಂಟಿಕೊಂಡಿರುವ ಗಾಜಿನ ಕೈ, ಈಗ ಪ್ಯಾರಿಸ್ಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿದೆ. 1904ರ ಸೆಪ್ಟೆಂಬರ್ 23ರಂದು, ತಮ್ಮ 58ನೇ ವಯಸ್ಸಿನಲ್ಲಿ ಗಾಲೆ ನಿಧನರಾದರು. ಡ್ರೈಫಸ್ ನಿರ್ದೋಷಿಯೆಂದು ಉನ್ನತ ನ್ಯಾಯಾಲಯ ಘೋಷಿಸಿದ್ದು 1906ರ ಜುಲೈಯಲ್ಲಿ. ಆ ತೀರ್ಪನ್ನು ಕೇಳುವ ಭಾಗ್ಯ ಅವರಿಗಿರಲಿಲ್ಲ. ಪತ್ನಿ ಹೆನ್ರಿಯೆಟ್ ಕಾರ್ಖಾನೆಯನ್ನು ಮುನ್ನಡೆಸಿದರು. ಅವರ ಮರಣಾನಂತರದ ಕೆಲವು ವರ್ಷಗಳ ವಸ್ತುಗಳಲ್ಲಿ ಗಾಲೆ ಎಂಬ ಸಹಿಯ ಪಕ್ಕದಲ್ಲಿ ಒಂದು ಚಿಕ್ಕ ನಕ್ಷತ್ರವಿರುತ್ತದೆ.

ಮುಂದೊಂದು ದಿನ ಓದಿಗಾಗಿಯೋ ಉದ್ಯೋಗಕ್ಕಾಗಿಯೋ ನೀವು ಯುರೋಪಿಗೆ ಹೋದರೆ ನಾನ್ಸಿಯನ್ನು ಮರೆಯಬೇಡಿ. ಅಲ್ಲಿ ಕೊರ್ಬಾಂ ಎಂಬ ಕಲಾಪೋಷಕರ ಮನೆಯಲ್ಲಿ 1964ರಿಂದ ನಾನ್ಸಿ ಪಂಥದ ವಸ್ತುಸಂಗ್ರಹಾಲಯವಿದೆ. ಗಾಲೆಯವರ ಹೂದಾನಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅದರ ಹೂವನ್ನು ನೋಡಿ, ಅದನ್ನು ಬಿಡಿಸಲು ಬೇಕಾದ ಸಸ್ಯಶಾಸ್ತ್ರವನ್ನು ನೆನೆಯಿರಿ. ಅದರ ಬಣ್ಣವನ್ನು ನೋಡಿ, ಅದರ ಹಿಂದಿನ ರಸಾಯನಶಾಸ್ತ್ರವನ್ನು ನೆನೆಯಿರಿ. ಹೆಸರು ಉಳಿಯದ ಕೆಲಸಗಾರನ ಉಸಿರನ್ನೂ ನೆನೆಯಿರಿ.

ಪದವಿ ಪಡೆದವನಿಗೆ ಕೈಕೆಲಸ ಕೀಳಲ್ಲ, ಕೈಕೆಲಸದವನಿಗೆ ಓದು ದೂರದ್ದಲ್ಲ ಎಂಬುದನ್ನು ಗಾಲೆ ಬದುಕಿ ತೋರಿಸಿದರು. ಅದಕ್ಕಿಂತ ಮಿಗಿಲಾಗಿ, ವಿದ್ಯೆಯಿಂದ ಬಂದ ಹೆಸರನ್ನು ಬಚ್ಚಿಟ್ಟು ಕಾಯದೆ, ಅದು ಅಗತ್ಯವಿದ್ದ ದಿನ ನೊಂದವನ ಪರವಾಗಿ ಖರ್ಚು ಮಾಡಿದರು. ನಮ್ಮ ಮಕ್ಕಳು ವೈದ್ಯರಾಗಲಿ, ಎಂಜಿನಿಯರಾಗಲಿ, ಬಡಗಿಯಾಗಲಿ, ಅವರ ವಿದ್ಯೆಗೆ ಇಂತಹ ಬೆಲೆ ಬರಲಿ ಎಂಬುದೇ ನಮ್ಮ ಹಾರೈಕೆ, ನಮ್ಮ ಪ್ರಾರ್ಥನೆ.