ಆನ್ರಿ ದುತ್ರೋಶೆ: ಜೀವಕೋಶಕ್ಕೆ ನೀರು ಹಾಯುವ ಬಗೆಯನ್ನು ಅರಸಿದ ವೈದ್ಯ

ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋಗಿಬಂದವರು ಸೊಪ್ಪು ಮಾರುವವರ ಪದ್ಧತಿಯೊಂದನ್ನು ಕಂಡೇ ಇರುತ್ತಾರೆ. ಬಾಡತೊಡಗಿದ ಕೊತ್ತಂಬರಿ ಕಟ್ಟಿಗೆ ಅವರು ಆಗಾಗ ನೀರು ಚಿಮುಕಿಸುತ್ತಾರೆ. ಜೋತುಬಿದ್ದ ಎಲೆ ಕೆಲಹೊತ್ತಿನಲ್ಲಿ ಮತ್ತೆ ಸೆಟೆಯುತ್ತದೆ. ಅಲ್ಲಿಂದ ಕೊಂಡುತಂದ ಒಣದ್ರಾಕ್ಷಿಯನ್ನು ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಉಬ್ಬಿರುತ್ತದೆ. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿದರೆ ಮಾತ್ರ ನೀರು ಹೊರಗೆ ಬರುತ್ತದೆ. 1927ರಲ್ಲಿ ಆ ಮಾರುಕಟ್ಟೆಯ ಕಟ್ಟಡ ಏಳುವುದಕ್ಕೆ ನೂರು ವರ್ಷ ಮೊದಲೇ ಇಂತಹ ಸಂಗತಿಗಳ ಕಾರಣವನ್ನು ಅರಸಿ ಹೊರಟವರು ಫ್ರಾನ್ಸಿನ ಆನ್ರಿ ದುತ್ರೋಶೆ.

ದುತ್ರೋಶೆಯವರು 1776ರ ನವೆಂಬರ್ 14ರಂದು ಸಿರಿವಂತ ಮನೆತನದಲ್ಲಿ ಜನಿಸಿದರು. ಹುಟ್ಟಿನಿಂದಲೇ ಒಂದು ಪಾದ ಸೊಟ್ಟಗಿತ್ತು. ಬಾಲ್ಯದಲ್ಲಿಯೇ ಅದು ಚಿಕಿತ್ಸೆಯಿಂದ ಸರಿಹೋಯಿತು. ಆದರೆ ಮಹಾಕ್ರಾಂತಿಯಲ್ಲಿ ಹೋದ ಸಂಪತ್ತು ಮರಳಲಿಲ್ಲ. ಸೈನ್ಯಾಧಿಕಾರಿಯಾಗಿದ್ದ ತಂದೆ ದೇಶ ಬಿಟ್ಟರು, ಆಸ್ತಿ ಮುಟ್ಟುಗೋಲಾಯಿತು. ಮಗ ಕೆಲಕಾಲ ನೌಕಾಪಡೆಯಲ್ಲಿದ್ದು, ಅನಂತರ ಪ್ಯಾರಿಸ್ಸಿನಲ್ಲಿ ವೈದ್ಯಶಾಸ್ತ್ರ ಕಲಿತು, 1806ರಲ್ಲಿ ಪದವಿ ಪಡೆದರು. ಸೇನಾವೈದ್ಯರಾಗಿ ಸ್ಪೇನಿಗೆ ಹೋದಾಗ ಬರ್ಗೋಸ್ ನಗರದಲ್ಲಿ ವಿಷಮಜ್ವರದ ಹಾವಳಿಯೆದ್ದಿತು. ರೋಗಿಗಳನ್ನು ಉಪಚರಿಸುತ್ತ ತಾವೇ ಹಾಸಿಗೆ ಹಿಡಿದರು. 1809ರಲ್ಲಿ ತಾಯ್ನಾಡಿಗೆ ಮರಳಿ, ತೂರೇನ್ ಪ್ರಾಂತದ ಹಳ್ಳಿಮನೆಯಲ್ಲಿ ತಾಯಿಯೊಡನೆ ನೆಲೆಸಿದರು. ಅವರ ಮುಖ್ಯ ಸಂಶೋಧನೆಗಳೆಲ್ಲ ನಡೆದುದು ವಿಶ್ವವಿದ್ಯಾನಿಲಯದ ಆಸರೆಯಿಲ್ಲದ ಆ ಏಕಾಂತದಲ್ಲಿ.

1826ರಲ್ಲಿ ಪ್ರಕಟವಾದ ಅವರ ಪ್ರಯೋಗ ಸರಳವಾದದ್ದು. ಕೋಳಿಮರಿಯ ಕರುಳಿನ ಚೀಲದಲ್ಲಿ ಹಾಲು ತುಂಬಿ, ಬಾಯಿ ಕಟ್ಟಿ, ನೀರಿನಲ್ಲಿಟ್ಟರು. ಚೀಲ ಉಬ್ಬಿ ಬಿಗಿಯಾಯಿತು. (ನಮ್ಮ ಪ್ರಯೋಗಶಾಲೆಗೆ ಇಂತಹ ಸಾಮಗ್ರಿ ಬೇಕಿಲ್ಲ; ಕೊರೆದ ಆಲೂಗಡ್ಡೆ, ಚಿಟಿಕೆ ಸಕ್ಕರೆ ಸಾಕು.) ಪಾತ್ರೆಯೊಂದರ ಬಾಯಿಗೆ ಪೊರೆ ಬಿಗಿದು, ಮೇಲೆ ಗಾಜಿನ ನಳಿಕೆ ಜೋಡಿಸಿ, ಒಳಗಿನ ದ್ರವ ಎಷ್ಟು ಏರುವುದೆಂದು ಅಳೆದರು. ಸಕ್ಕರೆಯ ದ್ರಾವಣ ಗಟ್ಟಿಯಾದಷ್ಟೂ ಏರಿಕೆ ಹೆಚ್ಚು. ಪ್ರಾಣಿಗಳ ಮೂತ್ರಕೋಶದ ಪೊರೆಯ ಮೂಲಕ ದ್ರವ ಹಾಯುವುದನ್ನು ಅಬ್ಬೆ ನೋಲೆ 1748ರಲ್ಲಿಯೇ ಕಂಡಿದ್ದರು, ನಿಜ. ಅದನ್ನು ಜೀವಕೋಶದ ಬಾಳಿಗೆ ಹೊಂದಿಸಿ ನೋಡಿದ ಹಿರಿಮೆ ದುತ್ರೋಶೆಯವರದು.

ಇದರ ಮರ್ಮವನ್ನು ಇಂದಿನ ತಿಳಿವಳಿಕೆಯಿಂದ ಹೀಗೆ ಹೇಳಬಹುದು. ನಿಶ್ಚಲವಾದ ನೀರಿಗೆ ಬಿದ್ದ ಮಸಿಯ ತೊಟ್ಟು ತಾನಾಗಿಯೇ ಎಲ್ಲೆಡೆಗೆ ಹರಡುತ್ತದೆ. ಕಣಗಳು ಅತ್ತಿತ್ತ ಎಡೆಬಿಡದೆ ಚಲಿಸುತ್ತಿರುವುದರಿಂದ ದಟ್ಟವಾಗಿರುವ ಕಡೆಯಿಂದ ವಿರಳವಾಗಿರುವ ಕಡೆಗೆ ಹೆಚ್ಚು ಕಣಗಳು ಸಾಗುತ್ತವೆ, ಇದು ವಿಸರಣೆ. ನಡುವೆ ನೀರನ್ನು ಬಿಟ್ಟು, ಸಕ್ಕರೆಯನ್ನು ತಡೆಯುವ ಪೊರೆಯಿದ್ದರೆ, ಸಕ್ಕರೆ ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ನೀರು ಅಧಿಕವಾಗಿ ಸಾಗುತ್ತದೆ, ಇದು ಅಭಿಸರಣೆ. ಕೊತ್ತಂಬರಿಯ ಕೋಶದೊಳಗೆ ಲವಣ, ಸಕ್ಕರೆಗಳಿರುವುದರಿಂದ ಚಿಮುಕಿಸಿದ ನೀರು ಒಳಸೇರಿ ಕೋಶಭಿತ್ತಿಯನ್ನು ಒತ್ತುತ್ತದೆ. ಮಾವಿನಕಾಯಿಯ ಹೊರಗೆ ಉಪ್ಪಿನ ಪಾಲು ಹೆಚ್ಚಾದುದರಿಂದ ದಿಕ್ಕು ತಿರುಗುತ್ತದೆ.

ದುತ್ರೋಶೆಯವರಿಗೆ ಈ ಕಾರಣ ಪೂರ್ಣವಾಗಿ ದೊರಕಲಿಲ್ಲ. ನೀರನ್ನು ಪೊರೆಯ ಮೂಲಕ ತಳ್ಳುವುದು ವಿದ್ಯುಚ್ಛಕ್ತಿಯೆಂದು ಅವರು ಮೊದಲು ಭಾವಿಸಿ, ಹಾಗೆಯೇ ಬರೆದರು. ಅಷ್ಟಾಗಿ ಪ್ರಚಾರ ಪಡೆದ ಮಾತನ್ನು ಹಿಂತೆಗೆದುಕೊಳ್ಳುವುದು ಯಾವ ಪಂಡಿತನಿಗೂ ಸುಲಭವಲ್ಲ. ಆ ವೇಳೆಗೆ, 1831ರಲ್ಲಿ, ಅವರು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯರೂ ಆಗಿದ್ದರು. ಆದರೂ ಆ ಊಹೆಯನ್ನು ಕೈಬಿಟ್ಟರು. 1837ರಲ್ಲಿ ತಮ್ಮ ಲೇಖನಗಳನ್ನು ಒಟ್ಟುಗೂಡಿಸಿದಾಗ, ಈ ಸಂಗ್ರಹದಲ್ಲಿ ಸೇರದ ತಮ್ಮ ಹಿಂದಿನ ಬರಹವೆಲ್ಲವೂ ಇಲ್ಲವೆಂದೇ ಎಣಿಸಬೇಕೆಂದು ಓದುಗರಿಗೆ ತಿಳಿಸಿದರು. ಅವರ ಪ್ರಯೋಗಗಳಿಗಿಂತ ಈ ನಡೆಯೇ ದೊಡ್ಡದೆಂದು ನನ್ನ ಎಣಿಕೆ. ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ತಪ್ಪು ತೋರಿಸುವ ನಮಗೆ ನಮ್ಮ ಹಳೆಯ ಪಾಠಟಿಪ್ಪಣಿಯ ಒಂದು ಸಾಲನ್ನು ಹೊಡೆದುಹಾಕುವುದೂ ಕಷ್ಟ.

1845ರಲ್ಲಿ ತಲೆಗೆ ಬಿದ್ದ ಪೆಟ್ಟಿನಿಂದ ಅವರು ಬಹುಕಾಲ ನರಳಿ, 1847ರ ಫೆಬ್ರವರಿ 4ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಒಳಹರಿವಿಗೂ ಹೊರಹರಿವಿಗೂ ಅವರಿಟ್ಟಿದ್ದ ಎರಡು ಹೆಸರುಗಳಿಂದ ಥಾಮಸ್ ಗ್ರಹಾಂ 1854ರಲ್ಲಿ ಒಂದೇ ಪದವನ್ನು ಉಳಿಸಿಕೊಂಡರು. ಈ ಒತ್ತಡದ ನಿಯಮವನ್ನು ಫಾಂಟ್ ಹಾಫ್ ಗಣಿತದಲ್ಲಿ ನಿರೂಪಿಸಿದರು. 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಬಹುಮಾನ ಅವರಿಗೆ ದೊರಕಿತು. ಕೋಶಪೊರೆಯಲ್ಲಿ ನೀರಿಗೆಂದೇ ಇರುವ ಪ್ರೋಟೀನಿನ ಕಾಲುವೆಗಳನ್ನು ಪೀಟರ್ ಆಗ್ರೆ ಗುರುತಿಸಿದ್ದು 1992ರಷ್ಟು ಈಚೆಗೆ.